ಸೆಕೆಂಡ್‌ಹ್ಯಾಂಡ್ ರ‍್ಯಾಪ್ಟರ್ 700ಆರ್: ನಾಲ್ಕು ಚಳಿಗಾಲ ಓಡಿಸಿದ ಮೇಲೆ

2015ರ ಯಮಾಹಾ ರ‍್ಯಾಪ್ಟರ್ 700ಆರ್, ಅಂದರೆ ಮರಳು-ಮಣ್ಣಿನ ದಾರಿಗೆಂದೇ ಮಾಡಿದ, ಬೈಕಿನಂತೆ ಕಾಲು ಚಾಚಿ ಕೂರುವ ನಾಲ್ಕು ಚಕ್ರದ ಗಾಡಿ (ಎಟಿವಿ), ಅದನ್ನು ಫೀನಿಕ್ಸ್‌ನಲ್ಲಿ ಒಬ್ಬರ ಗ್ಯಾರೇಜಿನಿಂದ ತಂದು ನಾಲ್ಕು ಚಳಿಗಾಲವಾಯಿತು. ಅರಿಝೋನಾದ ಬೇಸಿಗೆಯಲ್ಲಿ ಮರುಭೂಮಿಗೆ ಇಳಿಯುವ ಧೈರ್ಯ ನನಗಿಲ್ಲ, ಹಾಗಾಗಿ ಲೆಕ್ಕ ಚಳಿಗಾಲದ್ದೇ.

ನೋಡಲು ಹೋದ ದಿನ ಗಾಡಿ ಫಳಫಳ ಹೊಳೆಯುತ್ತಿತ್ತು. ಇಂಜಿನ್ ಮುಟ್ಟಿದರೆ ಬಿಸಿ. ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ಇಂಜಿನ್ನಿನ ಹುಳುಕು ಗೊತ್ತಾಗುವುದು; ತಣ್ಣಗಾಗಲಿ, ಕಾಯ್ತೀನಿ ಅಂದೆ. ಅಪ್ಪ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮೈಹೊಳಪಿಗೆ ಮರುಳಾಗದೆ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ನಾನೂ ಕುಕ್ಕರಗಾಲಲ್ಲಿ ಕೂತು ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರ) ಹಲ್ಲು ನೋಡಿದೆ, ಒಂದೊಂದೂ ಕೊಕ್ಕೆಯಂತೆ ಬಾಗಿತ್ತು. ಹಿಂಭಾಗ ಜಾಕಿನ ಮೇಲೆತ್ತಿ ಚಕ್ರ ಅಲುಗಿಸಿದರೆ ಟಕ್ ಟಕ್; ಆಕ್ಸಲ್ ಬೇರಿಂಗ್ ಹೋಗಿತ್ತು. ಇವೆಲ್ಲ ಸವೆಯುವ ಸಾಮಾನು, ಬಿಡಿ. ಎದೆ ಝಲ್ಲೆಂದದ್ದು ಸೀಟು ತೆಗೆದು ಏರ್ ಫಿಲ್ಟರ್ ಎತ್ತಿದಾಗ. ಫಿಲ್ಟರಿನ ಆಚೆಗೆ, ಇಂಜಿನ್ ಕಡೆಯ ರಬ್ಬರ್ ಕೊಳವೆಯಲ್ಲಿ ಬೆರಳಾಡಿಸಿದರೆ ವಿಭೂತಿಯಂಥ ನುಣ್ಣನೆಯ ಧೂಳು ಅಂಟಿ ಬಂತು. ಅದು ಒಳಹೋದರೆ ಪಿಸ್ಟನ್ ರಿಂಗು, ಸಿಲಿಂಡರು ಎರಡನ್ನೂ ಅರೆದುಬಿಡುತ್ತದೆ. ಮಾಲೀಕರಿಗೆ ಬೆರಳು ತೋರಿಸಿದೆ. 4,800 ಡಾಲರ್ ಇದ್ದದ್ದು 3,600ಕ್ಕೆ ಇಳಿಯಿತು. ಆಸೆ ಕೇಳಬೇಕಲ್ಲ, ತಗೊಂಡೆ. ಆರೇ ತಿಂಗಳಿಗೆ ನೀಲಿ ಹೊಗೆ, ಅಂದರೆ ಇಂಜಿನ್ ಆಯಿಲ್ ಉರಿಯುತ್ತಿತ್ತು. ಉಳಿಸಿದ 1,200 ಡಾಲರ್, ಮೇಲೊಂದಿಷ್ಟು, ಪಿಸ್ಟನ್ ಕೆಲಸಕ್ಕೆ ಹೋಯಿತು.

ಅಲ್ಲಿಂದ ಈಚೆಗೆ ತಕರಾರಿಲ್ಲ. 686 ಸಿಸಿ, ಒಂದೇ ಸಿಲಿಂಡರ್. ಕೆಳಗಿನ ಗೇರಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೆ ಮುಂದಿನ ಚಕ್ರ ಎದ್ದೇ ಬಿಡುತ್ತದೆ. ಹೊಸಬರಿಗೆ, ಮಕ್ಕಳಿಗೆ ಖಂಡಿತ ಬೇಡ. ಕ್ಲಚ್ಚು, ಐದು ಗೇರು ಬೈಕಿನಂತೆಯೇ, ಜೊತೆಗೆ ರಿವರ್ಸ್. ಆದರೆ ಆಕ್ಸಿಲರೇಟರ್ ಹೆಬ್ಬೆರಳಲ್ಲಿ ಒತ್ತುವುದು. ಊರಲ್ಲಿ ಬೈಕ್ ಓಡಿಸಿದ ಕೈ ಮೊದಲ ವಾರವೆಲ್ಲ ಸುಮ್ಮನೆ ಹ್ಯಾಂಡಲ್ ತಿರುಚುತ್ತಿತ್ತು. ಟೈರಿಗೆ ಬೇಕಾದ್ದು 4-5 ಪಿಎಸ್‌ಐ ಗಾಳಿ ಅಷ್ಟೇ, ಕಾರಿನ ಗೇಜು ಇದಕ್ಕೆ ಕೆಲಸಕ್ಕೆ ಬಾರದು. ಟ್ಯಾಂಕು 11 ಲೀಟರು. ಮರಳಲ್ಲಿ ಪೆಟ್ರೋಲು ಖಾಲಿಯಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೆ ಹೋಗುವವರು ನೆಲದಿಂದ 8 ಅಡಿ ಎತ್ತರಕ್ಕೆ ಬಾವುಟ ಕಟ್ಟಲೇಬೇಕು. ದಿಬ್ಬದ ಆಚೆಯಿಂದ ಏರುತ್ತಿರುವವನಿಗೆ ಮೊದಲು ಕಾಣುವುದು ಅದೇ. "ಇದೇನ್ರೀ, ತೇರು ಹೊರಟಂಗಿದೆ" ಅಂದಳು ಹೆಂಡತಿ.

ಪ್ರತಿ ಸವಾರಿಯಾದ ಮೇಲೆ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಾಕುತ್ತೇನೆ. ಬಚ್ಚಲಲ್ಲಿ ತೊಳೆಯುವುದಕ್ಕೆ ಮನೆಯಲ್ಲಿ ನಿಷೇಧವಿದೆ. ಈ ಡಿಸೆಂಬರಿಗೆ ಮತ್ತೆ ಚೈನು ಬದಲಿಸಬೇಕು, ಜೊತೆಗೇ ಎರಡೂ ಸ್ಪ್ರಾಕೆಟ್ಟು.