ಮೂರು ಮಾಸ್ಕ್, ಎರಡು ಯಂತ್ರ: ಸಿಪ್ಯಾಪ್ ಹಾಕಿ ಮಲಗುವವರಿಗೆ ಯಾವುದು ಒಗ್ಗುತ್ತದೆ?

ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ಮಾಸ್ಕಿನ ಮೂಲಕ ಗಾಳಿ ಒತ್ತಿ ಕೊಡುವ ಯಂತ್ರ ಸಿಪ್ಯಾಪ್. ಅದು ಬೇಕೆಂದು ಡಾಕ್ಟರು ಬರೆದುಕೊಟ್ಟ ಕೂಡಲೇ ನಮ್ಮ ಕಡೆಯವರು ಕೇಳುವುದು ಯಾವ ಕಂಪನಿಯ ಯಂತ್ರ ಒಳ್ಳೆಯದು, ಎಷ್ಟಾಗುತ್ತದೆ ಅಂತ. ನನ್ನನ್ನೂ ಈಗೀಗ ಹಾಗೆ ಕೇಳುತ್ತಾರೆ. ಯಂತ್ರದ ಬಗ್ಗೆ ಅರ್ಧ ಗಂಟೆ ಯೋಚಿಸಿದರೆ ಸಾಕು, ಮಾಸ್ಕಿನ ಬಗ್ಗೆ ಒಂದು ತಿಂಗಳು ಯೋಚಿಸಿ ಅನ್ನುತ್ತೇನೆ. ಯಂತ್ರ ಮೇಜಿನ ಮೇಲಿರುತ್ತದೆ, ಮಾಸ್ಕ್ ಇಡೀ ರಾತ್ರಿ ಮುಖದ ಮೇಲಿರುತ್ತದೆ. ಸಿಪ್ಯಾಪ್ ತಂದು ಕಪಾಟಿನೊಳಗೆ ಇಟ್ಟುಬಿಟ್ಟವರನ್ನು ಮಾತಾಡಿಸಿ ನೋಡಿದ್ದೇನೆ. ಮೋಟಾರನ್ನು ದೂರಿದವರು ಯಾರೂ ಇಲ್ಲ. ಮೂಗು ಹುಣ್ಣಾಯಿತು, ಉಸಿರು ಕಟ್ಟಿದ ಹಾಗಾಯಿತು, ಗಾಳಿ ಕಣ್ಣಿಗೆ ಹೊಡೆಯಿತು ಅಂತಲೇ ಎಲ್ಲರ ದೂರು. ಇವೆಲ್ಲ ಮಾಸ್ಕಿನ ದೂರುಗಳು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರು ನಾನು, ವಯಸ್ಸು ಐವತ್ತು ದಾಟಿದೆ. ಬೆಳಗ್ಗೆ ಏಳುವಾಗ ತಲೆನೋವು, ಮಧ್ಯಾಹ್ನದ ಪೀರಿಯಡಿನಲ್ಲಿ ಬೋರ್ಡಿನ ಎದುರು ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಮುಟ್ಟು ನಿಲ್ಲುವ ಕಾಲದ ಸುಸ್ತು ಇರಬಹುದು ಅಂತ ತುಂಬ ಕಾಲ ಕಳೆಯಿತು. ಗೊರಕೆ ಗಂಡಸರ ಕಾಯಿಲೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಹೆಚ್ಚುತ್ತದೆ. ಅವರಲ್ಲಿ ಅದು ಎಷ್ಟೋ ಸಲ ದೊಡ್ಡ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆಗೇಡಿನ ರೂಪದಲ್ಲಿ ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ನಮ್ಮವರು ಒಂದು ರಾತ್ರಿ ನನ್ನ ಉಸಿರಾಟವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. ಗೊರಕೆ, ಆಮೇಲೆ ಏನೂ ಇಲ್ಲ, ಆಮೇಲೆ ದಡಕ್ಕನೆ ಏದುಸಿರು. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಿ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರನ್ನು ಅಳೆಯುವ ಪರೀಕ್ಷೆ, ಮಾಡಿಸಿದೆವು.

ಉಸಿರು ಹತ್ತು ಸೆಕೆಂಡಾದರೂ ಪೂರ್ತಿ ನಿಂತರೆ, ಅಥವಾ ಆಮ್ಲಜನಕ ಇಳಿಯುವಷ್ಟು ಕುಗ್ಗಿದರೆ, ಅದನ್ನೊಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ನನ್ನದು 38 ಬಂತು. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಗೊನೆಯ ಭಾರಕ್ಕೆ ವಾಲಿದ ಬಾಳೆಗೆ ಊರೆ ಕೊಟ್ಟ ಹಾಗೆ ಸಿಪ್ಯಾಪಿನ ಗಾಳಿ ಆ ದಾರಿಯನ್ನು ತೆರೆದು ಹಿಡಿಯುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಇದನ್ನು ಮೊದಲು ಪ್ರಕಟಿಸಿದರು. ಆ ಕಾಲದ ರೋಗಿಗಳು ಮಾಸ್ಕನ್ನು ಪ್ರತಿ ರಾತ್ರಿ ಮುಖಕ್ಕೆ ಅಂಟಿನಿಂದ ಅಂಟಿಸಿಕೊಂಡು ಮಲಗಬೇಕಿತ್ತು. ಅದನ್ನು ಓದಿದ ಮೇಲೆ ನನ್ನ ಪಟ್ಟಿ, ಬಕಲ್ಲುಗಳ ಬಗ್ಗೆ ತಕರಾರು ಹೇಳುವುದು ಸ್ವಲ್ಪ ಕಡಿಮೆಯಾಯಿತು.

ಮೊದಲು ಸಿಕ್ಕಿದ್ದು ಪೂರ್ತಿ ಮುಖದ ಮಾಸ್ಕ್. ಹೆಸರು ಹಾಗಿದ್ದರೂ ಮುಚ್ಚುವುದು ಮೂಗು ಮತ್ತು ಬಾಯಿ ಮಾತ್ರ. ಬಾಯಿ ತೆರೆದು ಮಲಗುವವರಿಗೆ ಇದೇ ಅಂತ ಮಾರುವವರು ಹೇಳುತ್ತಾರೆ. ಮೂಗು ಕಟ್ಟಿದ ರಾತ್ರಿಗಳಲ್ಲಿ ಅದು ನಿಜವೂ ಹೌದು. ಕರೆಂಟು ಹೋದರೆ ತನ್ನಷ್ಟಕ್ಕೆ ತೆರೆದುಕೊಂಡು ಹೊರಗಿನ ಗಾಳಿ ಬಿಡುವ ವಾಲ್ವ್ ಇದರಲ್ಲಿರುತ್ತದೆ, ಹಾಗಾಗಿ ಭಯಪಡಬೇಕಾಗಿಲ್ಲ. ಮೂಗುಬೊಟ್ಟು ತೆಗೆಯದೆಯೂ ಹಾಕಿಕೊಳ್ಳಬಹುದು. ಒಳ್ಳೆಯ ಗುಣಗಳು ಅಲ್ಲಿಗೆ ಮುಗಿಯುತ್ತವೆ ಅನ್ನುವುದು ನನ್ನ ಅನುಭವ. ಮುಖದಲ್ಲಿ ಅದು ಕೂರುವ ಅಂಚು ಉದ್ದ, ಅಂಚು ಉದ್ದವಾದಷ್ಟು ಸೋರುವ ಜಾಗ ಹೆಚ್ಚು. ಮಗ್ಗುಲು ತಿರುಗಿದರೆ ದಿಂಬು ತಾಗಿ ಮಾಸ್ಕ್ ಓರೆಯಾಗುತ್ತದೆ, ಗಾಳಿ ಸೀದಾ ಕಣ್ಣಿಗೆ. ಪಟ್ಟಿ ಬಿಗಿದರೆ ಸರಿಯಾಗುತ್ತದೆ ಅಂತ ಕೈ ತಾನಾಗಿ ಹೋಗುತ್ತದೆ. ಆದರೆ ಸಿಲಿಕೋನಿನ ತೆಳುಪದರ ಗಾಳಿ ತುಂಬಿ ಉಬ್ಬಿದರೆ ಮಾತ್ರ ಮುಖಕ್ಕೆ ಹೊಂದಿ ಕೂರುತ್ತದೆ. ಬಿಗಿದಷ್ಟೂ ಅದು ಮಡಚಿ ಇನ್ನಷ್ಟು ಸೋರುತ್ತದೆ. ಮೂಗಿನ ಸೇತುವೆಯ ಮೇಲೆ ಕೆಂಪು ಗೆರೆ ಬಿದ್ದು, ಶಾಲೆಯಲ್ಲಿ ಮಕ್ಕಳು "ಟೀಚರ್, ಬಿದ್ದದ್ದಾ?" ಅಂತ ಕೇಳುವವರೆಗೆ ಹೋಯಿತು.

ಡಾಕ್ಟರು ಇನ್ನೊಂದು ಕಾರಣವನ್ನೂ ವಿವರಿಸಿದರು. ಈ ಮಾಸ್ಕಿನ ಪಟ್ಟಿಗಳು ಗದ್ದವನ್ನು ಹಿಂದಕ್ಕೆ ಒತ್ತುತ್ತವೆ. ಗದ್ದ ಹಿಂದೆ ಹೋದರೆ ನಾಲಿಗೆಯೂ ಹಿಂದೆ ಹೋಗಿ ಗಂಟಲಿನ ದಾರಿ ಕಿರಿದಾಗುತ್ತದೆ. ಆದ್ದರಿಂದಲೇ ಪೂರ್ತಿ ಮುಖದ ಮಾಸ್ಕಿಗೆ ಸಾಮಾನ್ಯವಾಗಿ ಹೆಚ್ಚು ಪ್ರೆಶರ್ ಬೇಕಾಗುತ್ತದೆ, ಬಿಟ್ಟುಬಿಡುವವರೂ ಇದರಲ್ಲೇ ಹೆಚ್ಚು. ಪ್ರೆಶರ್ ಏರಿದಾಗ ಗಾಳಿ ಹೊಟ್ಟೆಗೂ ಹೋಗುತ್ತದೆ. ಬೆಳಗ್ಗೆ ಹೊಟ್ಟೆ ಉಬ್ಬರಿಸಿ ಕಾಫಿ ಕುಡಿಯುವುದೂ ಕಷ್ಟವಾಗುತ್ತಿತ್ತು.

ಎರಡನೆಯದು ಮೂಗಿನ ಮಾಸ್ಕ್. ಮೂಗನ್ನಷ್ಟೇ ಮುಚ್ಚುವ ತ್ರಿಕೋನ. ಹಗುರ, ಬಾಯಿ ಬಿಡುವು, ಕನ್ನಡಕ ಹಾಕಿ ಓದಬಹುದು. ಹಗಲು ಎಚ್ಚರವಿದ್ದಾಗ ಮಾಸ್ಕ್ ಹಾಕಿ ಅಭ್ಯಾಸ ಮಾಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ಓಣಂ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಇದನ್ನೇ ಹಾಕಿ ಕೂತೆ. ಲೆಕ್ಕದ ಕಟ್ಟು ಮುಗಿಯುವಷ್ಟರಲ್ಲಿ ಮುಖದ ಮೇಲೆ ಏನೋ ಇದೆ ಅನ್ನುವುದೇ ಮರೆತುಹೋಗಿತ್ತು. ಹೊಸದಾಗಿ ಶುರು ಮಾಡುವವರು ಈ ಅಭ್ಯಾಸವನ್ನು ಬಿಡಲೇಬಾರದು. ಗಾಬರಿಯಾಗುವುದು ಮನಸ್ಸಿಗೆ, ಮನಸ್ಸಿಗೆ ಅದನ್ನು ಹಗಲು ಬೆಳಕಿನಲ್ಲಿ ಪರಿಚಯ ಮಾಡಿಸಬೇಕು.

ಇದರಲ್ಲಿ ಎರಡು ತೊಡಕು. ನಿದ್ದೆಯಲ್ಲಿ ಬಾಯಿ ತೆರೆದರೆ ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಗೆ ಬರುತ್ತದೆ, ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತದೆ. ಗದ್ದಕ್ಕೆ ಕಟ್ಟುವ ಬಟ್ಟೆಯ ಪಟ್ಟಿ ಸ್ವಲ್ಪ ಸಹಾಯ ಮಾಡಿತು. ಅದಕ್ಕಿಂತ ಹೆಚ್ಚು ಸಹಾಯವಾದದ್ದು ಮೂಗನ್ನು ಸರಿಮಾಡಿಕೊಂಡದ್ದು. ಮಳೆಗಾಲದ ಬೂಷ್ಟು, ಅಂಗಳದಲ್ಲಿ ಒಣಗುವ ಅಡಿಕೆಯ ಧೂಳು, ಇವೆರಡರ ಮಧ್ಯೆ ನಮ್ಮ ಕಡೆಯವರ ಮೂಗು ಸದಾ ಅರ್ಧ ಮುಚ್ಚಿಯೇ ಇರುತ್ತದೆ. ಅಲರ್ಜಿಗೆ ಡಾಕ್ಟರು ಕೊಟ್ಟ ಸ್ಪ್ರೇ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಇವನ್ನು ಕೆಲವು ವಾರ ಬಿಡದೆ ಮಾಡಿದ ಮೇಲೆ ಬಾಯಿ ತಾನಾಗಿ ಮುಚ್ಚಿಕೊಳ್ಳತೊಡಗಿತು. ಬಾಯಿಗೆ ಟೇಪು ಅಂಟಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಮೂಗು ಯಾವಾಗ ಕಟ್ಟುತ್ತದೆಂದು ಹೇಳಲಾಗದ ಊರಿನಲ್ಲಿ ಡಾಕ್ಟರನ್ನು ಕೇಳದೆ ಅದಕ್ಕೆ ಕೈ ಹಾಕಬೇಡಿ.

ಎರಡನೆಯ ತೊಡಕು ಮೂಗುಬೊಟ್ಟು. ಸಿಲಿಕೋನಿನ ಅಂಚು ಸರಿಯಾಗಿ ಅದರ ಮೇಲೆಯೇ ಬಂದು ಕೂರುತ್ತಿತ್ತು. ಅಲ್ಲಿಂದ ಸಣ್ಣಗೆ ಸುಯ್ಯೆಂದು ಗಾಳಿ. ಇದನ್ನು ಯಾವ ಕೈಪಿಡಿಯಲ್ಲೂ ನಾನು ನೋಡಲಿಲ್ಲ. ರಾತ್ರಿ ಬೊಟ್ಟು ತೆಗೆದಿಡುವುದಕ್ಕೆ ಮನೆಯಲ್ಲಿ ಏನೆನ್ನುತ್ತಾರೋ ಅಂತ ಅಳುಕಿತ್ತು. ಅತ್ತೆ ಮಾಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಮೊದಲು ಉಸಿರು ಸರಿ ಬರಲಿ ಮಗಳೇ, ಬೊಟ್ಟು ಬೆಳಗ್ಗೆ ಮಿಂದು ಹಾಕಿದರಾಯಿತು" ಅಂದರು. ಅಷ್ಟಕ್ಕೇ ಮುಗಿಯಿತು.

ಮೂರನೆಯದು ಪಿಲ್ಲೋ. ಮೂಗಿನ ಹೊಳ್ಳೆಗಳ ಬಾಯಿಗೆ ಕೂರುವ ಎರಡು ಮೆತ್ತನೆಯ ಸಿಲಿಕೋನ್ ಕೊಳವೆ, ತಲೆಯ ಹಿಂದೆ ತೆಳುವಾದ ಪಟ್ಟಿ, ಅಷ್ಟೆ. ಮೂಗಿನ ಸೇತುವೆಯನ್ನು ಮುಟ್ಟುವುದೇ ಇಲ್ಲ, ಕಣ್ಣಿಗೆ ಗಾಳಿ ಹೊಡೆಯುವ ಮಾತೇ ಇಲ್ಲ. ಮೀಸೆ, ಗಡ್ಡ ಇರುವ ಗಂಡಸರಿಗೂ ಇದು ಬೇರೆ ಎರಡಕ್ಕಿಂತ ಚೆನ್ನಾಗಿ ಕೂರುತ್ತದೆ. ಮಗ್ಗುಲಾಗಿ ಮಲಗುವ ನನಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸಣ್ಣ, ಮಧ್ಯಮ, ದೊಡ್ಡ ಅಂತ ಅಳತೆಗಳು ಒಂದೇ ಪೊಟ್ಟಣದಲ್ಲಿ ಬರುತ್ತವೆ. ಸಣ್ಣ ಹೊಳ್ಳೆ ಅಂತ ಸಣ್ಣದನ್ನೇ ಆರಿಸಬೇಡಿ. ಸಣ್ಣದು ಒಳಗೆ ತೂರಿ ಚುಚ್ಚುತ್ತದೆ, ಸರಿಯಾದ ಅಳತೆಯದು ಹೊಳ್ಳೆಯ ಅಂಚಿನಲ್ಲಿ ಕೂತು ಮುಚ್ಚುತ್ತದೆ. ಮೂಗುಬೊಟ್ಟಿನ ಒಳಗಿನ ತಿರುಪು ಇದಕ್ಕೂ ಅಡ್ಡ, ತೆಗೆಯಲೇಬೇಕು.

ಮೊದಲ ದಿನಗಳಲ್ಲಿ ಹೊಳ್ಳೆಯ ಅಂಚು ಉರಿಯುತ್ತದೆ. ಉರಿದಾಗ ತೆಂಗಿನೆಣ್ಣೆ ಸವರುವುದು ನಮ್ಮ ಕಡೆಯ ಸಹಜ ಬುದ್ಧಿ, ಆದರೆ ಇಲ್ಲಿ ಬೇಡ. ಎಣ್ಣೆ ಸಿಲಿಕೋನನ್ನು ಕೆಡಿಸುತ್ತದೆ, ಗಾಳಿಯ ಜೊತೆ ಶ್ವಾಸಕೋಶಕ್ಕೆ ಇಳಿಯುವುದೂ ಒಳ್ಳೆಯದಲ್ಲ. ನೀರಿನಂಶದ ಜೆಲ್ ಮೆಡಿಕಲ್ಲಿನಲ್ಲಿ ಸಿಗುತ್ತದೆ, ಡಾಕ್ಟರನ್ನು ಕೇಳಿ ಅದನ್ನು ಹಚ್ಚಿ. ತಲೆಗೆ ಎಣ್ಣೆ ಹಾಕಿದ ದಿನ ಪಟ್ಟಿ ಜಾರುತ್ತದೆ. ನಾನು ತಲೆಗೆ ಹತ್ತಿಯ ಬಟ್ಟೆ ಕಟ್ಟಿ ಅದರ ಮೇಲೆ ಪಟ್ಟಿ ಹಾಕುತ್ತೇನೆ. ಉದ್ದ ಕೂದಲಿನವರು ತುರುಬು ಕಟ್ಟಿ ಮಲಗಿದರೆ ಯಾವ ಮಾಸ್ಕೂ ನಿಲ್ಲದು, ಜಡೆಯನ್ನು ಬದಿಗೆ ಇಳಿಬಿಡಬೇಕು. ಪ್ರೆಶರ್ ತುಂಬ ಹೆಚ್ಚು ಬೇಕಾದವರಿಗೆ ಪಿಲ್ಲೋದಿಂದ ಗಾಳಿ ಮೂಗಿಗೆ ಚಿಮ್ಮಿದ ಹಾಗೆ ಆಗುತ್ತದೆ, ಅಂಥವರಿಗೆ ಮೂಗಿನ ಮಾಸ್ಕ್ ಮೇಲು. ಪ್ರೆಶರನ್ನು ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ನನಗೆ ಬೇಕಾದದ್ದು 11ರ ಆಸುಪಾಸು, ಅಷ್ಟಕ್ಕೆ ತೊಂದರೆ ಇಲ್ಲ.

ನನ್ನ ತೀರ್ಮಾನ ಹೀಗೆ: ಮೊದಲು ಪಿಲ್ಲೋ ಅಥವಾ ಮೂಗಿನ ಮಾಸ್ಕ್, ಮೂಗಿಗೆ ಚಿಕಿತ್ಸೆ ಮಾಡಿದ ಮೇಲೂ ಉಸಿರು ಬಾರದಿದ್ದರೆ ಮಾತ್ರ ಪೂರ್ತಿ ಮುಖದ್ದು. ನಮ್ಮಲ್ಲಿ ಹಲವರಿಗೆ ಇದನ್ನು ತಿರುಗಾಮುರುಗಾ ಕೊಡುತ್ತಾರೆ ಅನ್ನುವುದೇ ನನ್ನ ಬೇಸರ. ಜೋರು ಶೀತದ ರಾತ್ರಿಗಳಿಗೆಂದು ಪೂರ್ತಿ ಮುಖದ್ದನ್ನು ನಾನೂ ತೊಳೆದು ಇಟ್ಟುಕೊಂಡಿದ್ದೇನೆ.

ಇನ್ನು ಯಂತ್ರ. ಒಂದೇ ಪ್ರೆಶರ್ ಕೊಡುವ ಸಾದಾ ಸಿಪ್ಯಾಪ್ ಮತ್ತು ಅಗತ್ಯಕ್ಕೆ ತಕ್ಕಂತೆ ಏರಿಳಿಸುವ ಆಟೋ, ಎರಡನ್ನೂ ಬಾಡಿಗೆಗೆ ತಂದು ನೋಡಿದೆ. ಅಪ್ನಿಯಾ ತಡೆಯುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಸಾದಾ ಯಂತ್ರ ಅಗ್ಗ. ಆಸ್ಪತ್ರೆಯಲ್ಲಿ ರಾತ್ರಿ ಮಲಗಿಸಿ ಪ್ರೆಶರ್ ಸರಿಯಾಗಿ ಗೊತ್ತುಮಾಡಿದ್ದರೆ ಅದೇ ಸಾಕು. ನಾನು ಆಟೋ ಉಳಿಸಿಕೊಂಡೆ, ಏಕೆಂದರೆ ಮೂಗು ಕಟ್ಟಿದ ರಾತ್ರಿಗೂ ಕಟ್ಟದ ರಾತ್ರಿಗೂ ನನಗೆ ಬೇಕಾಗುವ ಪ್ರೆಶರ್ ಬೇರೆ. ಆಟೋ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಅಂಗಡಿಯಿಂದ ಬರುವಾಗ ಅದು 4ರಿಂದ 20ರ ತನಕ ತೆರೆದೇ ಇರಬಹುದು. 4ರಲ್ಲಿ ದೊಡ್ಡವರಿಗೆ ಗಾಳಿ ಸಾಲದೆ ಉಸಿರು ಕಟ್ಟಿದಂತಾಗುತ್ತದೆ. ಯಂತ್ರವೇ ಆಗದು ಅಂತ ಜನ ಅಲ್ಲಿಗೇ ಕೈಬಿಡುತ್ತಾರೆ. ನನ್ನ ಕೆಳಮಿತಿಯನ್ನು ಡಾಕ್ಟರು 7ಕ್ಕೆ ಏರಿಸಿದ ರಾತ್ರಿಯೇ ಆ ಕಷ್ಟ ಹೋಯಿತು. ಇದನ್ನು ಡಾಕ್ಟರಿಂದಲೇ ಮಾಡಿಸಿ. ಬೆಳಗ್ಗೆ ಪರದೆಯಲ್ಲಿ ಬರುವ ಲೆಕ್ಕವನ್ನೂ ನೋಡಿ: ಉಸಿರು ತಪ್ಪಿದ್ದು ಗಂಟೆಗೆ 5ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ನಡೆಯುತ್ತಿದೆ. ರೆಸ್‌ಮೆಡ್ ಕಂಪನಿಯ ಯಂತ್ರಗಳಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರಿನ ಒಳಗಿರಬೇಕು.

ತೇವ ಕೊಡುವ ಹ್ಯುಮಿಡಿಫೈಯರ್ ನಮ್ಮ ಕರಾವಳಿಗೆ ಬೇಕೇ? ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಅದನ್ನು ಒಂದಕ್ಕೇ ಇಳಿಸುತ್ತೇನೆ, ಕೆಲವು ರಾತ್ರಿ ಬಂದೇ ಮಾಡುತ್ತೇನೆ. ಹೆಚ್ಚಿಟ್ಟರೆ ಫ್ಯಾನಿನ ತಂಪಿಗೆ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಸದ್ದು, ಮೂಗಿಗೆ ಹನಿ. ಡಿಸೆಂಬರ್, ಜನವರಿಯ ಒಣ ಚಳಿಗೆ ಮಾತ್ರ ಬೇಕೇ ಬೇಕು. ನೀರು ಡಿಸ್ಟಿಲ್ಡ್ ಆಗಿರಲಿ. ಕುದಿಸಿದ ಬಾವಿನೀರಿನಲ್ಲಿ ಲವಣ ಹಾಗೆಯೇ ಉಳಿದು ತೊಟ್ಟಿಯ ತಳಕ್ಕೆ ಹಿಡಿಯುತ್ತದೆ. ಉಳಿದ ನೀರನ್ನು ಬೆಳಗ್ಗೆ ಚೆಲ್ಲಿ ತೊಟ್ಟಿಯನ್ನು ಒಣಗಿಸಬೇಕು.

ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದರೆ ಇಡೀ ರಾತ್ರಿ ಕರೆಂಟಿಲ್ಲ. ಸೈನ್ ವೇವ್ ಇನ್ವರ್ಟರ್ ಇದ್ದರೆ ಯಂತ್ರ ಆರಾಮವಾಗಿ ನಡೆಯುತ್ತದೆ. ಹೆಚ್ಚು ವಿದ್ಯುತ್ ತಿನ್ನುವುದು ನೀರು ಕಾಯಿಸುವ ಭಾಗ ಮತ್ತು ಬಿಸಿ ಪೈಪ್. ಅವೆರಡನ್ನು ಬಂದ್ ಮಾಡಿದರೆ ಬ್ಯಾಟರಿ ತುಂಬ ಹೊತ್ತು ಬರುತ್ತದೆ.

ಕೊಳ್ಳುವ ಮುಂಚೆ ತಿಳಿದಿರಬೇಕಾದ ಇನ್ನೆರಡು ವಿಷಯ. ಕೆಲವು ಮಾಸ್ಕುಗಳ ಬಕಲ್ಲಿನಲ್ಲಿ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್‌ನಂಥ ಸಾಧನ ದೇಹದೊಳಗೆ ಇರುವವರು, ಅವರ ಪಕ್ಕದಲ್ಲಿ ಮಲಗುವವರು ಅಂಥ ಮಾಸ್ಕ್ ಹಾಕಬಾರದೆಂದು ರೆಸ್‌ಮೆಡ್ 2023ರ ನವೆಂಬರಿನಲ್ಲಿ ಎಚ್ಚರಿಸಿತು. ಮನೆಯಲ್ಲಿ ಹೃದಯದ ಕಾಯಿಲೆಯವರಿದ್ದರೆ ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ. ಹಳೆಯ ಯಂತ್ರ ಕಡಿಮೆಗೆ ಸಿಗುತ್ತದೆಂದು ಕೊಳ್ಳುವವರು ಫಿಲಿಪ್ಸ್ ಕಂಪನಿ 2021ರ ಜೂನಿನಲ್ಲಿ ಒಳಗಿನ ಫೋಮ್ ಪುಡಿಯಾಗುವ ಅಪಾಯದಿಂದ ಹಿಂದಕ್ಕೆ ಕರೆದ ಮಾದರಿಗಳಲ್ಲಿ ಅದು ಇದೆಯೇ ಅಂತ ನೋಡಿ.

ಮಾಸ್ಕಿನ ಅಳತೆಯನ್ನು ಕುರ್ಚಿಯಲ್ಲಿ ಕೂತು ನೋಡಿದರೆ ಪ್ರಯೋಜನವಿಲ್ಲ. ಮಲಗಿದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಯಂತ್ರಕ್ಕೆ ಜೋಡಿಸಿ, ನಿಮ್ಮ ಪ್ರೆಶರ್ ಇಟ್ಟು, ಮಲಗಿ, ಎರಡೂ ಮಗ್ಗುಲಿಗೆ ಹೊರಳಿ ನೋಡಲು ಬಿಡಿ ಅಂತ ಕೇಳಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ, ಮಂಗಳೂರಿನಲ್ಲಿ ಬೇರೆ ಅಂಗಡಿಗಳಿವೆ.