ಲಾಲ್‌ಬಾಗ್ ನಡಿಗೆ, ಎರಡು ದಿನದ ತರಗತಿ, ಮೂರು ಮನೆಯ ಹಿತ್ತಿಲು: ಯಾವುದರಿಂದ ಎಷ್ಟು ಕಲಿತೆ

ಕುಮಟಾದ ಹೊಯ್ಗೆ (ಮರಳು) ನೆಲದಲ್ಲಿ ಹತ್ತು ವರ್ಷ ಬಸಳೆ, ಹರಿವೆ ಬೆಳೆದವಳು ನಾನು. ಶಿರಸಿಗೆ ಬಂದ ಮೇಲೆ ಮನೆ ಹಿಂದಿನ ನಾಲ್ಕು ಗುಂಟೆಯಲ್ಲಿ ಅದೇ ಧೈರ್ಯದಿಂದ ಬೀಜ ಹಾಕಿದೆ. ಆರಿದ್ರಾ ಮಳೆ ಮುಗಿಯುವುದರೊಳಗೆ ಎಲ್ಲ ಕೊಳೆತು ಹೋಯಿತು. ಕಣ್ಣಲ್ಲಿ ನೀರು ಬಂತು. ಸರಿಯಾಗಿ ಕಲಿತೇ ಮತ್ತೆ ಮಣ್ಣು ಮುಟ್ಟುತ್ತೇನೆ ಎಂದು ಹೊರಟು, ಮುಂದಿನ ಒಂದು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ. ಈಗ ಇನ್ನೊಂದು ವರ್ಷ ಕಳೆದಿದೆ. ಹಿತ್ತಿಲಲ್ಲಿ ಇವತ್ತು ಏನು ಬದುಕಿದೆ ಎನ್ನುವುದನ್ನೇ ಅಳತೆಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲನೆಯದು ಲಾಲ್‌ಬಾಗ್. ಬೆಂಗಳೂರಿನ ಮಗಳ ಮನೆಗೆ ಹೋದಾಗ ಬೆಳಗಿನ ಒಂದು ಮಾರ್ಗದರ್ಶಿ ನಡಿಗೆಗೆ ಸೇರಿಕೊಂಡೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 240 ಎಕರೆ; ಎರಡೂವರೆ ತಾಸಿನಲ್ಲಿ ಒಂದು ಮೂಲೆ ಮಾತ್ರ ನೋಡಲಾಯಿತು. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 1889ರ ಗಾಜಿನ ಮನೆಯಲ್ಲ, ಸೀಮೆಬದನೆಯ ಕಥೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜಾನ್ ಕ್ಯಾಮರಾನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಹೊರದೇಶದಿಂದ ತಂದು ಇಲ್ಲಿ ಒಗ್ಗಿಸಿದ ತರಕಾರಿ ಅದು. ಇವತ್ತು ಶಿರಸಿಯ ಸಂತೆಯಲ್ಲೂ ರಾಶಿ ಬೀಳುತ್ತದೆ. ಸಸ್ಯೋದ್ಯಾನ ಎಂದರೆ ಚಂದ ನೋಡುವ ಜಾಗ ಮಾತ್ರವಲ್ಲ, ಪರದೇಶದ ಗಿಡ ನಮ್ಮ ನೆಲಕ್ಕೆ ಹೊಂದುತ್ತದೋ ಇಲ್ಲವೋ ಎಂದು ಮೊದಲು ಪರೀಕ್ಷೆ ನಡೆದದ್ದೂ ಅಲ್ಲಿಯೇ. ಮರದ ತೊಗಟೆ, ಎಲೆ ಜೋಡಣೆ ನೋಡಿ ಗುರುತು ಹಿಡಿಯುವುದನ್ನೂ ಅಂದು ಕಲಿತೆ. ಆದರೆ ನನ್ನ ಹಿತ್ತಿಲಿಗೆ ಅಲ್ಲಿಂದ ಏನೂ ಬರಲಿಲ್ಲ. ಕೈಗೆ ಮಣ್ಣು ಹತ್ತದ ಕಲಿಕೆ ಅದು.

ಎರಡನೆಯದು ನಮ್ಮ ಕಡೆಯೇ ನಡೆದ ಎರಡು ದಿನದ ತರಗತಿ. ಐದು ನೂರು ರೂಪಾಯಿ, ಊಟ ಸೇರಿ. ಮೊದಲ ದಿನ ಪೂರ್ತಿ ಸಭಾಂಗಣದಲ್ಲಿ ಕೂರಿಸಿದರು. ಅರವತ್ತು ಜನ, ಪರದೆಯ ಮೇಲೆ ಚಿತ್ರಗಳು. ಹೇಳಿಕೊಟ್ಟದ್ದು ತಾರಸಿ ತೋಟ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಚೀಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಇಳಿಸುವುದೇ ಕಷ್ಟವಾಗಿರುವ ಊರಿನಲ್ಲಿ, ನೀರು ಹಿಡಿದಿಡುವ ಕೋಕೋಪೀಟ್ ಬಗ್ಗೆ ಒಂದು ತಾಸು! ಮಳೆಗಾಲದಲ್ಲಿ ಬೇರು ಕೊಳೆಯುವುದಕ್ಕೆ ಏನು ಮಾಡಬೇಕು ಎಂದು ಹಿಂದೆ ಕೂತ ಅಕ್ಕ ಒಬ್ಬರು ಕೇಳಿದರು. ಸಮಯವಾಯಿತು ಎಂದು ಅದನ್ನು ದಾಟಿಸಿಬಿಟ್ಟರು. ನನಗೆ ಬೇಕಿದ್ದ ಪ್ರಶ್ನೆಯೇ ಅದು. ಬೇಸರವಾಯಿತು.

ಎರಡನೇ ದಿನ ಹೋಗದೇ ಇದ್ದಿದ್ದರೆ ದೊಡ್ಡ ನಷ್ಟವಾಗುತ್ತಿತ್ತು. ಅಂದು ನರ್ಸರಿಯಲ್ಲಿ ಕಸಿ ಕಟ್ಟುವುದು. ಹೇಳಿಕೊಟ್ಟವರು ಅಲ್ಲಿಯ ಕೆಲಸಗಾರರು, ಮಾತು ಕಡಿಮೆ, ಕೈ ಚುರುಕು. ಮುರುಗಲಿನಲ್ಲಿ (ಕೋಕಂ) ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ನೆಟ್ಟರೆ ಆರೇಳು ವರ್ಷ ಕಾದು ಹೂ ಬಿಟ್ಟಾಗಲೇ ಅದು ಯಾವುದು ಎಂದು ತಿಳಿಯುವುದು. ಸುಮಾರು ಅರ್ಧ ಸಸಿಗಳು ಗಂಡೇ ಆಗಬಹುದು. ಅದಕ್ಕೇ ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟುವುದು. ಅಲ್ಲೂ ಒಂದು ಸೂಕ್ಷ್ಮ ಇದೆ: ಮೇಲ್ಮುಖವಾಗಿ ಬೆಳೆದ ಕುಡಿಯನ್ನೇ ಆರಿಸಬೇಕು. ಅಡ್ಡ ಟೊಂಗೆಯ ಕುಡಿ ಕಟ್ಟಿದರೆ ಗಿಡ ಎತ್ತರಕ್ಕೆ ಏಳದೆ ಅಡ್ಡಡ್ಡ ಹರಡುತ್ತದೆ. ಕಾಳುಮೆಣಸಿನಲ್ಲಿ ಇದೇ ಗುಣವನ್ನು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಫಸಲು ಬಿಡುವ ಅಡ್ಡ ಟಿಸಿಲನ್ನು ಬೇರೂರಿಸಿದರೆ ಬಳ್ಳಿ ಹಬ್ಬದೆ ಪೊದೆ ಮೆಣಸಾಗಿ ಕುಂಡದಲ್ಲೇ ಇರುತ್ತದೆ. ಟೊಂಗೆ ತಾನು ಹೋಗುತ್ತಿದ್ದ ದಿಕ್ಕನ್ನು ಕತ್ತರಿಸಿದ ಮೇಲೂ ಮರೆಯುವುದಿಲ್ಲ ಎನ್ನುವುದು ನನಗೆ ಇವತ್ತಿಗೂ ಬೆರಗು.

ನಾನು ಐದು ಕಸಿ ಕಟ್ಟಿದೆ. ಚೂರಿ ಒಂದೇ ಎಳೆತಕ್ಕೆ ಇಳಿಯಬೇಕು, ಎರಡು ಸಲ ಕೊಯ್ದರೆ ಗಾಯ ಸರಿಯಾಗಿ ಕೂಡುವುದಿಲ್ಲ ಎಂದು ಅವರು ನನ್ನ ಕೈ ಹಿಡಿದು ತೋರಿಸಿದರು. ಎರಡು ಹಿಡಿದವು. ಅವೆರಡೂ ಈಗ ನನ್ನ ಹಿತ್ತಿಲಲ್ಲಿವೆ.

ಮೂರನೆಯದಕ್ಕೆ ಹಣ ಇಲ್ಲ, ಪ್ರಮಾಣಪತ್ರವೂ ಇಲ್ಲ. ಶಿರಸಿ ಸೀಮೆಯಲ್ಲಿ ಹೆಂಗಸರು ಒಬ್ಬರ ಹಿತ್ತಿಲಿಗೆ ಇನ್ನೊಬ್ಬರು ಹೋಗಿ ಬೀಜ ಬದಲಾಯಿಸಿಕೊಳ್ಳುವುದು ಹಳೆಯ ರೂಢಿ. ವನಸ್ತ್ರೀ ಬಳಗ 2001ರಿಂದ ಇದೇ ಕೈತೋಟ, ಬೀಜ ವಿನಿಮಯದ ಕೆಲಸ ಮಾಡುತ್ತ ಬಂದಿದೆ. ನಾನು ಹೋದದ್ದು ಪರಿಚಯದವರ ಬೆನ್ನು ಹಿಡಿದು, ರೋಹಿಣಿ ಮಳೆಯ ಹೊತ್ತಿಗೆ ಮೂರು ಮನೆಗೆ.

ಮೊದಲ ಮನೆಯಲ್ಲೇ ನನ್ನ ತಪ್ಪು ತಿಳಿಯಿತು. ಎಪ್ಪತ್ತು ದಾಟಿದ ಅಮ್ಮ ಒಬ್ಬರು ಮಣ್ಣನ್ನು ಮೊಣಕಾಲೆತ್ತರಕ್ಕೆ ಏರಿ ಹಾಕಿ, ಮೇಲೆ ಬೆಟ್ಟದಿಂದ ತಂದ ದರಕು, ಅಂದರೆ ಉದುರಿದ ಒಣ ಎಲೆ, ದಪ್ಪಗೆ ಹೊದೆಸಿದ್ದರು. ನಮ್ಮ ಮಳೆ ಬರಿ ಮಣ್ಣಿಗೆ ಬಡಿದರೆ ಮೇಲೆ ಹೆಪ್ಪುಗಟ್ಟಿ ಉಸಿರಾಡದು. ದರಕು ಇದ್ದರೆ ಹನಿಯ ಪೆಟ್ಟು ಎಲೆಗೆ, ನೀರು ಮಾತ್ರ ಕೆಳಗೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ (ಸೊಪ್ಪು, ದರಕು ತರುವ ಕಾಡಿನ) ಸವಲತ್ತು ಯಾಕೆ ಕೊಟ್ಟಿದ್ದರು ಎಂದು ಆ ಏರಿಯ ಮುಂದೆ ನಿಂತಾಗ ಅರ್ಥವಾಯಿತು. ಹೊಯ್ಗೆಯಲ್ಲಿ ನೀರು ತಾನೇ ಇಂಗುತ್ತಿತ್ತು, ನನಗೆ ಏರಿಯ ಅಭ್ಯಾಸವೇ ಇರಲಿಲ್ಲ.

ಅವರೇ ಮೊಗೆಕಾಯಿ (ಸಾಂಬಾರಿನ ಸೌತೆ) ಬೀಜ ತೆಗೆದಿಡುವುದನ್ನೂ ತೋರಿಸಿದರು. ಬಳ್ಳಿಯಲ್ಲೇ ಪೂರ್ತಿ ಹಣ್ಣಾದ ಕಾಯಿ, ತೊಳೆದಾಗ ನೀರಿನಲ್ಲಿ ಮುಳುಗುವ ಬೀಜ, ನೆರಳಲ್ಲಿ ಒಣಗಿಸಿ ಒಲೆಯ ಬೂದಿ ಬೆರೆಸಿ ಡಬ್ಬಿಗೆ. ನಾನು ಪರ್ಸ್ ತೆಗೆದೆ.

“ಬೀಜಕ್ಕೆ ದುಡ್ಡು ತಗಳೂದಿಲ್ಲ ತಂಗಿ. ಮುಂದಿನ ವರ್ಷ ನಿನ್ನ ಹತ್ರ ಇದ್ದ ಬೇರೆ ಬೀಜ ತಗಂಬಾ.”

ಉಳಿದ ಎರಡು ಮನೆಗಳಲ್ಲಿ ಕೆಸು, ತೊಂಡೆ, ಒಂದೆಲಗ ಸಿಕ್ಕಿದವು. ಒಂದು ಕೊರತೆಯನ್ನು ಹೇಳಲೇಬೇಕು: ಯಾಕೆ ಎಂದು ಕೇಳಿದರೆ “ಹಾಂಗೇ ಮಾಡೂದು” ಎನ್ನುವ ಉತ್ತರವೇ ಹೆಚ್ಚು. ಕಸಿಯ ಹಿಂದಿನ ಕಾರಣ ನನಗೆ ತಿಳಿದದ್ದು ನರ್ಸರಿಯಲ್ಲೇ.

ಹೊಸದಾಗಿ ಶುರು ಮಾಡುವವರು ಯಾರಾದರೂ ಕೇಳಿದರೆ, ಮೊದಲು ಹಿತ್ತಿಲಿಗೆ ಹೋಗಿ ಎನ್ನುತ್ತೇನೆ, ಅದೂ ಮೇ ಕೊನೆಯಲ್ಲಿ. ಜುಲೈನಲ್ಲಿ ಹೋದರೆ ಬೆಳೆದದ್ದು ಕಾಣುತ್ತದೆ, ನೆಲ ಸಿದ್ಧ ಮಾಡಿದ ಬಗೆ ಕಾಣುವುದಿಲ್ಲ. ತರಗತಿಗೆ ಹಣ ಕಟ್ಟುವ ಮುಂಚೆ ಎಷ್ಟು ಜನ, ಚೂರಿ ನಮ್ಮ ಕೈಗೆ ಕೊಡುತ್ತಾರೆಯೇ ಎಂದು ವಿಚಾರಿಸಿ. ಲಾಲ್‌ಬಾಗ್‌ಗೆ ಸ್ವಲ್ಪ ಗಿಡ ಬೆಳೆಸಿದ ಮೇಲೆ ಹೋಗಿ, ಆಗ ಕೇಳಲು ಪ್ರಶ್ನೆಗಳಿರುತ್ತವೆ.

ಕಳೆದ ಮಳೆಗಾಲದಲ್ಲಿ ದರಕು ಹೊದೆಸಿದ ಏರಿಯಿಂದ ಹದಿನೇಳು ಮೊಗೆಕಾಯಿ ಕೊಯ್ದೆ. ಎರಡನ್ನು ಬಳ್ಳಿಯಲ್ಲೇ ಬೀಜಕ್ಕೆ ಬಿಟ್ಟಿದ್ದೆ. ಆ ಅಮ್ಮನ ಮನೆಗೆ ಕೊಡಲು ಕುಮಟಾದ ಕೆಂಪು ಹರಿವೆ ಬೀಜವನ್ನು ಬೂದಿಯಲ್ಲಿಟ್ಟು ಡಬ್ಬಿಯ ಮೇಲೆ ಅವರ ಹೆಸರು ಬರೆದಿದ್ದೇನೆ.