ದೊಡ್ಡವರನ್ನು ಹೇಗೆ ಮಾತಾಡಿಸಬೇಕು ಅಂತ ಕಲಿಸುವ ಕಾರ್ಡ್ ಆಟ: ಆಡಿ ನೋಡಿದ ಮೇಲೆ ಅನಿಸಿದ್ದು

ಮಕ್ಕಳಿಗೆ ದೊಡ್ಡವರನ್ನು ಮರ್ಯಾದೆಯಿಂದ ಮಾತಾಡಿಸುವುದನ್ನು ಕಲಿಸುವ ಒಂದು ಕಾರ್ಡ್ ಆಟ ನಮ್ಮ ಮನೆಗೆ ಬಂದು ಕೆಲವು ತಿಂಗಳಾಯಿತು. ನನ್ನ ಮಗಳಿಗೆ ಐದು ವರ್ಷ, ಅಕ್ಕನ ಮಗನಿಗೆ ಒಂಬತ್ತು. ಇಬ್ಬರೂ ಆಡಿದ್ದಾರೆ, ಅವರ ಸ್ನೇಹಿತರೂ ಬಂದು ಆಡಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಆಟ ಚೆನ್ನಾಗಿದೆ. ಆದರೆ ಅದರಲ್ಲಿ ಒಂದು ದೊಡ್ಡ ತಪ್ಪಿದೆ. ಅದನ್ನು ಸರಿಮಾಡದೆ ಹಾಗೇ ಮಕ್ಕಳ ಕೈಗೆ ಕೊಡಬೇಡಿ.

ಡಬ್ಬಿಯಲ್ಲಿ ಚಿತ್ರದ ಕಾರ್ಡುಗಳು, ಒಂದು ದಾಳ, ಅಪ್ಪ ಅಮ್ಮಂದಿರಿಗೆ ಒಂದು ಪುಟ್ಟ ಪುಸ್ತಕ ಇವೆ. ಕಾರ್ಡಿನ ಮುಂಭಾಗದಲ್ಲಿ ಒಬ್ಬೊಬ್ಬರ ಚಿತ್ರ: ಟೀಚರ್, ಡಾಕ್ಟರ್, ಪಕ್ಕದ ಮನೆಯವರು, ಅಪ್ಪನ ಸ್ನೇಹಿತರು, ಬಸ್ ಡ್ರೈವರ್, ಹೀಗೆ. ಹಿಂದೆ ಅವರನ್ನು ಏನಂತ ಕರೆಯಬೇಕು ಅಂತ ಬರೆದು ಒಂದು ವಾಕ್ಯ ಕೊಟ್ಟಿದ್ದಾರೆ. ದಾಳ ಹಾಕಿದರೆ ಮಾಡಬೇಕಾದ ಕೆಲಸ ಬರುತ್ತದೆ. ಅವರನ್ನು ಕರೆ, ಅವರ ಹತ್ತಿರ ಏನಾದರೂ ಕೇಳು, ಥ್ಯಾಂಕ್ಸ್ ಹೇಳು, ಅವರ ಬಗ್ಗೆ ಇನ್ನೊಬ್ಬರಿಗೆ ಹೇಳು. ಚಿತ್ರಗಳು ಚೆನ್ನಾಗಿವೆ. ಕಾರ್ಡು ಮಾತ್ರ ತೆಳು, ಮೂಲೆಗಳು ಬೇಗ ಮಡಚಿಕೊಳ್ಳುತ್ತವೆ. ಜೊತೆಗೆ ಕೊಟ್ಟಿರುವ ಆಡಿಯೋ ಸುಮ್ನೆ ಇದೆ ಅಷ್ಟೆ, ಭಾಷಣ ಓದಿದ ಹಾಗಿದೆ. ನಾವು ಅದನ್ನು ಬಿಟ್ಟೇಬಿಟ್ಟೆವು.

ದಾಳದ ಆ ಕೊನೆಯ ಕೆಲಸ ಇದೆಯಲ್ಲ, ‘ಅವರ ಬಗ್ಗೆ ಇನ್ನೊಬ್ಬರಿಗೆ ಹೇಳು’ ಅನ್ನುವುದು, ಅದನ್ನು ಯೋಚಿಸಿದವರಿಗೆ ನಮಸ್ಕಾರ. ಎದುರಿಗೆ ಇದ್ದಾಗ ಮರ್ಯಾದೆ ಕೊಡುವುದನ್ನು ಎಲ್ಲರೂ ಕಲಿಸುತ್ತಾರೆ. ಅವರು ಆಚೆ ಹೋದ ಮೇಲೆ ‘ಟೀಚರ್ ಬಂದಿದ್ದಳು’, ‘ಆ ಅಂಕಲ್ ಹೇಳಿದ’ ಅಂದರೆ ಯಾರೂ ತಿದ್ದುವುದಿಲ್ಲ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದಲ್ಲಿ ಅಲ್ವಾ? ಬಂದರು, ಹೇಳಿದರು, ಬನ್ನಿ, ಕೂತ್ಕೊಳ್ಳಿ, ಕೊಡ್ತೀರಾ. ಎಷ್ಟೋ ಅಪ್ಪ ಅಮ್ಮಂದಿರು ‘ಆಂಟಿ ಅನ್ನು’, ‘ಅಂಕಲ್ ಅನ್ನು’ ಅಂತ ಹೇಳಿಕೊಟ್ಟು ಅಲ್ಲಿಗೆ ಮುಗೀತು ಅಂದುಕೊಳ್ಳುತ್ತಾರೆ. ಮಗು ‘ಆಂಟಿ, ನೀನು ಇಲ್ಲಿ ಬಾ’ ಅನ್ನುತ್ತದೆ. ಆಂಟಿ ಅನ್ನುವುದು ಬಂತು, ಮರ್ಯಾದೆ ಬರಲಿಲ್ಲ.

ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಎಲ್ಲರಿಗೂ ‘ಯೂ’ ಒಂದೇ. ಹಿಂದೆ ಸಲಿಗೆಯವರಿಗೆ ‘ದೌ’ ಅಂತ ಬೇರೆ ಇತ್ತು, 17ನೇ ಶತಮಾನ ಮುಗಿಯುವ ಹೊತ್ತಿಗೆ ಅದು ದಿನಬಳಕೆಯ ಮಾತಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಹಾಗಾಗಿ ಮಿಸ್ಟರ್, ಮಿಸ್, ಸರ್ ಅನ್ನುವಂಥ ಪದಗಳ ಮೇಲೇ ಅಲ್ಲಿ ಭಾರ ಜಾಸ್ತಿ. ಅಲ್ಲಿಯ ಕಲಿಕೆಯ ಆಟಗಳನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಸಾಲದು. ಈ ಆಟದವರು ಹಾಗೆ ಮಾಡಿಲ್ಲ, ಕ್ರಿಯಾಪದಕ್ಕೂ ಗಮನ ಕೊಟ್ಟಿದ್ದಾರೆ. ನನ್ನ ಮಗಳು ಈಗ ‘ಡಾಕ್ಟರ್ ಏನಂದ್ರು ಗೊತ್ತಾ’ ಅಂತ ತಾನಾಗೇ ಶುರು ಮಾಡುತ್ತಾಳೆ. ಮೊದಲು ‘ಏನಂದ ಗೊತ್ತಾ’ ಅನ್ನುತ್ತಿದ್ದಳು.

ಈಗ ತಪ್ಪಿನ ವಿಷಯ. ಟೀಚರ್ ಕಾರ್ಡಿನ ಹಿಂದೆ ‘ನೀವು ಇನ್ನೊಂದು ಸಲ ಹೇಳಿಕೊಡ್ತೀರಾ?’ ಅಂತ ಇದೆ. ಡಾಕ್ಟರ್ ಕಾರ್ಡಿನ ಹಿಂದೆಯೂ ನೀವು. ಕಸ ಗುಡಿಸುವವರ ಕಾರ್ಡು ತಿರುಗಿಸಿ ನೋಡಿದರೆ ‘ಬಾ, ಇದನ್ನು ತಗೊಂಡು ಹೋಗು’! ವಾಚ್‌ಮನ್ ಕಾರ್ಡಿನಲ್ಲೂ ಹಾಗೇ, ‘ಗೇಟು ತೆಗಿ’ ಅಂತ. ಚಿತ್ರದಲ್ಲಿರುವ ವಾಚ್‌ಮನ್‌ಗೆ ತಲೆಯೆಲ್ಲ ನೆರೆತಿದೆ, ಕಾರ್ಡಿನಲ್ಲಿರುವ ಡಾಕ್ಟರಿಗಿಂತ ಎಷ್ಟೋ ದೊಡ್ಡವರು. ಮರ್ಯಾದೆ ಕಲಿಸುವುದಕ್ಕೆ ಅಂತಲೇ ಮಾಡಿದ ಆಟದಲ್ಲಿ ಇದು ಅಚ್ಚಾಗಿ ಬಂದಿದೆ ಅಂದರೆ ನನಗೆ ನಿಜಕ್ಕೂ ಸಿಟ್ಟು ಬಂತು. ಮಕ್ಕಳು ಬರೀ ವಾಕ್ಯ ಕಲಿಯುವುದಿಲ್ಲ, ವಾಕ್ಯಗಳ ನಡುವಿನ ವ್ಯತ್ಯಾಸ ನೋಡಿ ತಾವೇ ಒಂದು ನಿಯಮ ಮಾಡಿಕೊಳ್ಳುತ್ತಾರೆ. ಈ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟರೆ ಐದು ವರ್ಷದ ಮಗುವಿಗೆ ಸಿಗುವ ನಿಯಮ ಒಂದೇ: ಒಳ್ಳೆ ಬಟ್ಟೆ ಹಾಕಿದವರಿಗೆ ನೀವು, ಪೊರಕೆ ಹಿಡಿದವರಿಗೆ ನೀನು. ನನ್ನ ಮಗಳು ‘ಇವರು ದೊಡ್ಡವರಲ್ವಾ?’ ಅಂತ ಕೇಳಿದಳು. ಕಾರ್ಡಿನಲ್ಲಿ ತಪ್ಪು ಬರೆದಿದ್ದಾರೆ ಅಂತ ಹೇಳಿ ಇಬ್ಬರೂ ಕೂತು ಪೆನ್ನಿನಿಂದ ತಿದ್ದಿದೆವು. ‘ಸ್ವಲ್ಪ ಗೇಟು ತೆಗೀತೀರಾ?’ ಅಂತ ಬರೆದೆವು. ನೀವೂ ಮಾಡಿ, ಮಗುವಿನ ಕೈಯಲ್ಲೇ ಮಾಡಿಸಿ.

ನಮ್ಮ ಮನೆಯಲ್ಲಿ ಈಗಿರುವ ನಿಯಮ ಇಷ್ಟೇ. ಪರಿಚಯ ಇಲ್ಲದ ದೊಡ್ಡವರು ಯಾರೇ ಆಗಲಿ, ಏನೇ ಕೆಲಸ ಮಾಡುತ್ತಿರಲಿ, ನೀವು. ಮಗುವಿಗೆ ನೆನಪಿಟ್ಟುಕೊಳ್ಳುವುದಕ್ಕೂ ಸುಲಭ. ಫ್ರೆಂಚಿನಲ್ಲಿ ‘ವು’, ಜರ್ಮನ್‌ನಲ್ಲಿ ‘ಝೀ’ ಕಲಿಸುವವರೂ ಹೊಸಬರಿಗೆ ಮೊದಲು ಹೇಳುವುದು ಇದನ್ನೇ: ಗೊತ್ತಿಲ್ಲದ ದೊಡ್ಡವರ ಜೊತೆ ಮರ್ಯಾದೆಯ ರೂಪದಿಂದಲೇ ಶುರುಮಾಡು ಅಂತ. ಸ್ವೀಡನ್ನಿನವರು ಬೇರೆ ದಾರಿ ಹಿಡಿದರು. ಅಲ್ಲಿ ಹಿಂದೆ ಒಬ್ಬರನ್ನು ಅವರ ಹುದ್ದೆ ಹೇಳಿಯೇ ಮಾತಾಡಿಸಬೇಕಿತ್ತು, ಎದುರಿಗೇ ನಿಂತು ‘ಡಾಕ್ಟರಿಗೆ ಏನು ಬೇಕು?’ ಅಂತ ಕೇಳುವ ರೀತಿ. 1967ರಲ್ಲಿ ಬ್ರೋರ್ ರೆಕ್ಸೆಡ್ ಅನ್ನುವವರು ಅಲ್ಲಿಯ ಆರೋಗ್ಯ ಇಲಾಖೆಯ ಮುಖ್ಯಸ್ಥರಾದಾಗ, ತಾನು ಎಲ್ಲ ನೌಕರರನ್ನೂ ‘ದೂ’, ಅಂದರೆ ನೀನು, ಅಂತಲೇ ಮಾತಾಡಿಸುತ್ತೇನೆ ಅಂದರು. ಆಗಲೇ ಬೀಸುತ್ತಿದ್ದ ಗಾಳಿಗೆ ಅದೂ ಸೇರಿತು. ಈಗ ಅಲ್ಲಿ ಮಕ್ಕಳು ಟೀಚರಿಗೂ ದೂ ಅನ್ನುತ್ತಾರೆ. ಅವರು ಎಲ್ಲರಿಗೂ ಸಲಿಗೆಯ ರೂಪ ಕೊಟ್ಟರು, ನಾವು ಎಲ್ಲ ದೊಡ್ಡವರಿಗೂ ನೀವು ಕೊಡಬಹುದು. ಕೆಲಸ ನೋಡಿ ಹಂಚುವುದು ಮಾತ್ರ ಬೇಡ.

ಜೊತೆಯ ಪುಸ್ತಕದ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅಮ್ಮನಿಗೂ ಅಜ್ಜಿಗೂ ‘ನೀವು’ ಅನ್ನಿಸಿ, ‘ನೀನು’ ಅಂದರೆ ತಕ್ಷಣ ತಿದ್ದಿ ಅಂತ ಅದರಲ್ಲಿ ಬರೆದಿದ್ದಾರೆ. ಯಾಕೆ? ಅಮ್ಮನನ್ನು ನೀನು ಅನ್ನುವ ಮನೆಗಳು ಎಷ್ಟೋ ಇವೆ. ದೇವರನ್ನೂ ನೀನು ಅಂತಲೇ ಕರೆಯುತ್ತೇವೆ, ಜರ್ಮನ್ನರೂ ಪ್ರಾರ್ಥನೆಯಲ್ಲಿ ‘ದು’ ಅನ್ನುತ್ತಾರೆ. ಅದರಲ್ಲಿ ಅಗೌರವ ಎಲ್ಲಿದೆ? ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅನ್ನುವ ಸಂಶೋಧಕರು 1960ರಲ್ಲೇ ಈ ಬಗ್ಗೆ ಬರೆದ ಲೇಖನದಲ್ಲಿ ಇಂಥ ಸರ್ವನಾಮಗಳ ಹಿಂದೆ ಎರಡು ಎಳೆ ಇವೆ ಅಂದಿದ್ದರು. ಒಂದು ಮೇಲು ಕೀಳಿನ ಅಧಿಕಾರ, ಇನ್ನೊಂದು ಹತ್ತಿರದವರ ಸಲಿಗೆ. ಪುಸ್ತಕ ಬರೆದವರು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಮನೆಯೊಳಗೆ ಯಾರಿಗೆ ಏನು ಅನ್ನಬೇಕು ಅನ್ನುವುದನ್ನು ಆಯಾ ಮನೆಯವರಿಗೇ ಬಿಡಬೇಕಿತ್ತು.

ಅಂಕ ಕೊಡುವ ರೀತಿಯೂ ನನಗೆ ಹಿಡಿಸಲಿಲ್ಲ. ಸರಿಯಾಗಿ ಹೇಳಿದರೆ ಒಂದು ನಕ್ಷತ್ರ, ತಪ್ಪಿದರೆ ಇದ್ದ ನಕ್ಷತ್ರ ವಾಪಸ್. ನಾಚಿಕೆ ಸ್ವಭಾವದ ಮಗು ಎರಡು ಸಲ ಕಳಕೊಂಡರೆ ಮೂರನೇ ಸಲ ಬಾಯೇ ಬಿಡುವುದಿಲ್ಲ, ನಮ್ಮನೆಗೆ ಬಂದ ಒಬ್ಬ ಹುಡುಗನಿಗೆ ಹಾಗೇ ಆಯಿತು. 2018ರಲ್ಲಿ ಅಮೆಜಾನ್, ಗೂಗಲ್ ಎರಡೂ ತಮ್ಮ ಧ್ವನಿ ಸಹಾಯಕಗಳಲ್ಲಿ ಮಕ್ಕಳು ‘ಪ್ಲೀಸ್’ ಅಂದರೆ ಮೆಚ್ಚಿಕೊಂಡು ಉತ್ತರ ಕೊಡುವ ಸೌಲಭ್ಯ ತಂದವು. ಅಲ್ಲೂ ಹೇಳಿದರೆ ಹೊಗಳಿಕೆ, ಹೇಳದಿದ್ದರೆ ಶಿಕ್ಷೆ ಇಲ್ಲ. ಇಲ್ಲೂ ಅಷ್ಟು ಸಾಕಿತ್ತು. ವಾಪಸ್ ಕೊಡುವ ನಿಯಮ ತೆಗೆದು ಆಡಿಸಿ, ಆಟಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಇನ್ನು ಇಡೀ ಡಬ್ಬಿಯಲ್ಲಿ ನನಗೆ ಅತಿ ಇಷ್ಟವಾದ ಕಾರ್ಡು. ಅದರಲ್ಲಿ ಚಿತ್ರವೇ ಇಲ್ಲ, ಒಂದು ಪ್ರಶ್ನೆ ಚಿಹ್ನೆ ಇದೆ. ಹಿಂದೆ ‘ನಿಮ್ಮನ್ನು ಏನಂತ ಕರೀಲಿ?’ ಅಂತ ಇದೆ. ಅಷ್ಟೇ. ಬೇರೆ ಯಾವ ಕಾರ್ಡು ಕಳೆದುಹೋದರೂ ಪರವಾಗಿಲ್ಲ, ಇದು ಇರಲಿ. ಯಾಕೆಂದರೆ ಪಟ್ಟಿ ಎಷ್ಟು ಉದ್ದ ಮಾಡಿದರೂ ಸಾಲುವುದಿಲ್ಲ. ಒಬ್ಬರಿಗೆ ಆಂಟಿ ಅಂದರೆ ಇಷ್ಟ, ಇನ್ನೊಬ್ಬರಿಗೆ ಆಗುವುದೇ ಇಲ್ಲ. ಅರವತ್ತು ದಾಟಿದವರೆಲ್ಲ ಅಜ್ಜಿ ಅನ್ನಿಸಿಕೊಳ್ಳುವುದಕ್ಕೆ ತಯಾರಿರುವುದಿಲ್ಲ. ಮಗು ಊಹೆ ಮಾಡಿ ತಪ್ಪುವುದಕ್ಕಿಂತ ನೇರವಾಗಿ ಕೇಳಿದರೆ ಇಬ್ಬರಿಗೂ ಹಿತ. ಕೇಳುವ ವಾಕ್ಯದಲ್ಲೇ ‘ನಿಮ್ಮನ್ನು’ ಇದೆ ನೋಡಿ, ಮರ್ಯಾದೆ ಆಗಲೇ ಕೊಟ್ಟಾಯಿತು.

ಅಕ್ಕನ ಮಗ ಇದನ್ನು ನಿಜವಾಗಿ ಬಳಸಿದ. ಅವನಪ್ಪನ ಜೊತೆ ಕೆಲಸ ಮಾಡುವ ಒಬ್ಬರು ಮನೆಗೆ ಬಂದಿದ್ದರು, ಇನ್ನೂ ಚಿಕ್ಕ ವಯಸ್ಸು. ಏನಂತ ಕರೀಲಿ ಅಂತ ಕೇಳಿದ. ಅವರು ನಕ್ಕು ‘ಹೆಸರು ಹಿಡಿದೇ ಕರಿ’ ಅಂದರು. ಅವನು ಹೆಸರು ಹಿಡಿದು ಕರೆದ, ಆದರೆ ಮುಂದಿನ ಮಾತು ‘ನೀವು ಚೆಸ್ ಆಡ್ತೀರಾ?’ ಅಂತಿತ್ತು. ಹೆಸರಿನ ಜೊತೆಗೂ ನೀವು ಬರಬಹುದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ದಾಳ ಹಾಕಿ ಹಾಕಿ ಕ್ರಿಯಾಪದ ಬಾಯಿಗೆ ಕೂತಿತ್ತು.

ಆಟವನ್ನು ಮೂರು ವರ್ಷದಿಂದಲೇ ಆಡಿಸಬಹುದು ಅಂತ ಡಬ್ಬಿಯ ಮೇಲೆ ಇದೆ. ನನಗೆ ಅದು ಬೇಗ ಅನಿಸುತ್ತದೆ. ಜರ್ಮನ್ ಮಾತಾಡುವ ಪುಟ್ಟ ಮಕ್ಕಳು ಎಲ್ಲರಿಗೂ ದು ಅಂದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಶಾಲೆಗೆ ಹೋಗುತ್ತಾ ಹೋಗುತ್ತಾ ‘ಝೀ’ ಕಲಿಯುತ್ತಾರೆ. ಮೂರರ ಮಗು ‘ತಾತ, ನೀನು ಬಾ’ ಅಂದರೆ ಅದನ್ನು ಕೇಳಿ ಖುಷಿಪಡಿ. ಸುಮಾರು ಐದಕ್ಕೆ ಆಟ ಶುರುಮಾಡಿದರೆ ಸರಿ.

ಪುಸ್ತಕದಲ್ಲಿ ಇನ್ನೊಂದು ಸಲಹೆ ಇದೆ: ಮನೆಗೆ ಯಾರಾದರೂ ಬಂದಾಗ ‘ಏನಂತ ಹೇಳಬೇಕು?’ ಅಂತ ಮಗುವನ್ನು ನೆನಪಿಸಿ ಅಂತ. ಎಸ್ತರ್ ಗ್ರೀಫ್ ಮತ್ತು ಜೀನ್ ಬರ್ಕೊ ಗ್ಲೀಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅದೇ ಕಂಡಿತ್ತು, ಮಕ್ಕಳು ತಾವಾಗೇ ಥ್ಯಾಂಕ್ಸ್ ಹೇಳುವುದು ಕಡಿಮೆ, ಅಪ್ಪ ಅಮ್ಮ ಹೇಳಿಸುವುದೇ ಜಾಸ್ತಿ. ನೆನಪಿಸುವುದು ಬೇಕು, ಒಪ್ಪುತ್ತೇನೆ. ಆದರೆ ಬಂದವರ ಮುಂದೆ ಮಗುವನ್ನು ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ಮಗು ‘ಅಂಕಲ್, ನೀನು ಕೂತ್ಕೋ’ ಅಂದಾಗ ನೀವು ‘ಹೌದು ಅಂಕಲ್, ಕೂತ್ಕೊಳ್ಳಿ’ ಅನ್ನಿ. ತಿದ್ದಿದ ಹಾಗೂ ಆಯಿತು, ಮಗುವಿನ ಮಾನವೂ ಉಳಿಯಿತು. ಜಪಾನಿನ ಮನೆಗಳಲ್ಲಿ ಅಜ್ಜಿ ತನ್ನ ಮಗಳನ್ನೇ ಮೊಮ್ಮಕ್ಕಳ ಮುಂದೆ ‘ಅಮ್ಮ’ ಅಂತ ಕರೆಯುವುದುಂಟು, ಮಗು ಏನಂತ ಕರೆಯಬೇಕೋ ದೊಡ್ಡವರೇ ಹಾಗೆ ಕರೆದು ತೋರಿಸುತ್ತಾರೆ. ನಾವೂ ‘ಅಜ್ಜಿ ಕೊಡ್ತಾರೆ, ತಗೋ’ ಅನ್ನುತ್ತೇವಲ್ಲ, ಅದೇ.

ಹಾಗೇ ಫೋನಿನಲ್ಲಿ ನಾವು ಯಾರ ಬಗ್ಗೆ ‘ಬಂದ, ಹೋದ’ ಅನ್ನುತ್ತೇವೆ ಅನ್ನುವುದನ್ನೂ ಮಕ್ಕಳು ಕೇಳುತ್ತಿರುತ್ತಾರೆ. ಅದಕ್ಕೆ ಯಾವ ಕಾರ್ಡಿನಲ್ಲೂ ಪರಿಹಾರ ಇಲ್ಲ.

ಐದರಿಂದ ಎಂಟು ವರ್ಷದ ಮಕ್ಕಳಿರುವವರು ಧಾರಾಳವಾಗಿ ತೆಗೆದುಕೊಳ್ಳಿ, ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ, ಅವರಿಗೆ ಆ ಪ್ರಶ್ನೆ ಚಿಹ್ನೆಯ ಕಾರ್ಡಿನ ಮಾತೊಂದನ್ನು ಹೇಳಿಕೊಟ್ಟರೆ ಸಾಕು. ಆಟ ತಯಾರಿಸಿದವರಿಗೆ ವಾಚ್‌ಮನ್ ಮತ್ತು ಕಸ ಗುಡಿಸುವವರ ಕಾರ್ಡಿನ ಫೋಟೋ ಕಳಿಸಿ, ಮುಂದಿನ ಅಚ್ಚಿನಲ್ಲಿ ಸರಿಮಾಡಿ ಅಂತ ಬರೆದಿದ್ದೇನೆ. ಈ ಆಟ ನಿಮ್ಮ ಮನೆಯಲ್ಲೂ ಇದ್ದರೆ ನೀವೂ ಬರೆಯಿರಿ.